ಇಸಿಜಿ ಸರಿಯಿದೆ, ಎದೆ ಹೊಡೆದುಕೊಳ್ಳುತ್ತಿದೆ

ಎದೆ ಡಬಡಬ ಹೊಡೆದುಕೊಳ್ಳುತ್ತದೆಂದು ಓಡಿಬಂದ ಇಪ್ಪತ್ತರ ಹುಡುಗನಿಗೆ ವೈದ್ಯರು ಕೊಡಬಹುದಾದ ಒಳ್ಳೆಯ ಸುದ್ದಿ ಎಂದರೆ ‘ಇಸಿಜಿ ನಾರ್ಮಲ್ ಇದೆ’ ಎಂಬುದು. ಆದರೆ ಈ ಸುದ್ದಿಯ ಗುಣ ಹೆಚ್ಚು ದಿನ ನಿಲ್ಲುವುದಿಲ್ಲ. ಒಂದೆರಡು ರಾತ್ರಿ ಕಳೆಯುವಷ್ಟರಲ್ಲಿ ಅವನ ತಲೆಯಲ್ಲಿ ಹೊಸ ಪ್ರಶ್ನೆ ಏಳುತ್ತದೆ: ಹೃದಯದಲ್ಲಿ ಏನೂ ಇಲ್ಲವೆಂದಾದರೆ ಆವತ್ತು ಆದದ್ದೇನು? ಮಷಿನ್ನಿಗೂ ಸಿಗದಂಥದ್ದು ಒಳಗೆ ಏನೋ ಇರಬೇಕು. ಹೀಗೆ ಎರಡನೆಯ ಇಸಿಜಿ, ಬೇರೆ ಆಸ್ಪತ್ರೆಯಲ್ಲಿ ಮೂರನೆಯದು, ಒಂದು ಎಕೋ, ಗ್ಯಾಸ್ಟ್ರಿಕ್ಕಿಗೆ ಮಾತ್ರೆ. ಕಡತ ದಪ್ಪವಾಗುತ್ತದೆ, ಹುಡುಗ ಸಣ್ಣಗಾಗುತ್ತಾನೆ.

ಹೀಗೊಬ್ಬನನ್ನು ಕಲ್ಪಿಸಿಕೊಳ್ಳೋಣ. ಮನೆ ಬೆಳ್ತಂಗಡಿಯಿಂದ ಆಚೆ, ಚಾರ್ಮಾಡಿಯ ಕಡೆ. ಓದು ಮೂಡುಬಿದಿರೆಯಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷ. ಭಾನುವಾರ ಸಂಜೆ ಹಾಸ್ಟೆಲಿಗೆ ಹಿಂತಿರುಗುವ ಬಸ್ಸು. ಗುರುವಾಯನಕೆರೆಯಲ್ಲಿ ಜನ ತುಂಬಿ, ವೇಣೂರು ದಾಟುವಾಗ ಉಸಿರಾಡಲೂ ಜಾಗವಿಲ್ಲ. ನಾಳೆ ಇಂಟರ್ನಲ್ಸ್. ಹಿಂದಿನ ರಾತ್ರಿ ನಿದ್ದೆಯಿಲ್ಲ, ಮಧ್ಯಾಹ್ನದಿಂದ ಎರಡು ಸಲ ಚಾ ಕುಡಿದಾಗಿದೆ. ಇದ್ದಕ್ಕಿದ್ದಂತೆ ಎದೆಯೊಳಗೆ ಏನೋ ಧಡಕ್ಕೆಂದ ಹಾಗಾಗುತ್ತದೆ. ಬೆವರು. ಬೆರಳ ತುದಿಯಲ್ಲಿ ಜುಮುಜುಮು. ಸತ್ತೇ ಹೋಗುತ್ತೇನೆ ಎನ್ನುವಷ್ಟು ಭಯ. ಇಳಿಯಲೇಬೇಕೆಂದು ಅನಿಸಿ, ಕಂಡಕ್ಟರನಿಗೆ ಕೂಗಿ, ಮಧ್ಯದಾರಿಯಲ್ಲೇ ಇಳಿದುಬಿಡುತ್ತಾನೆ. ಹತ್ತು ನಿಮಿಷದಲ್ಲಿ ಎಲ್ಲ ಶಾಂತ.

ಆ ಹತ್ತು ನಿಮಿಷ ದೇಹದಲ್ಲಿ ನಡೆದದ್ದಕ್ಕೆ ವೈದ್ಯಕೀಯದಲ್ಲಿ ಪ್ಯಾನಿಕ್ ಅಟ್ಯಾಕ್ ಎಂದು ಹೆಸರು. ಅದರಲ್ಲಿ ನಿಗೂಢವಾದದ್ದು ಏನೂ ಇಲ್ಲ. ಅಪಾಯ ಕಂಡಾಗ ಕಾದಾಡಲು ಅಥವಾ ಓಡಲು ದೇಹ ತಯಾರಾಗುವ ಬಗೆಯನ್ನು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಶರೀರವಿಜ್ಞಾನಿ 1915ರಷ್ಟು ಹಿಂದೆಯೇ ವಿವರಿಸಿದ್ದ. ಮೂತ್ರಪಿಂಡದ ಮೇಲೆ ಕುಳಿತ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಯುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತ ಹೊಟ್ಟೆಯಿಂದ ಸ್ನಾಯುಗಳ ಕಡೆಗೆ ತಿರುಗುತ್ತದೆ. ಹೊಟ್ಟೆ ತೊಳಸಿದಂತಾಗುವುದು, ನಾವು ಅದನ್ನು ‘ಗ್ಯಾಸ್’ ಎಂದುಕೊಳ್ಳುವುದು ಇದರಿಂದಲೇ. ಉಸಿರು ಚುರುಕಾಗುತ್ತದೆ. ಓಡುತ್ತಿದ್ದರೆ ಆ ಉಸಿರು ಬೇಕಿತ್ತು. ಸೀಟಿನಲ್ಲಿ ಕೂತವನಿಗೆ ಅದು ಹೆಚ್ಚುವರಿ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗಿ, ರಕ್ತ ಸ್ವಲ್ಪ ಕ್ಷಾರೀಯವಾಗುತ್ತದೆ. ಅದರಲ್ಲಿ ಬಿಡಿಯಾಗಿ ತೇಲುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ಕೆರಳುತ್ತವೆ. ಬೆರಳಿನ ಜುಮುಜುಮು ಅಲ್ಲಿಂದ ಬಂತು. ಮಿದುಳಿಗೆ ಹೋಗುವ ರಕ್ತನಾಳಗಳು ಸಂಕುಚಿಸುವುದರಿಂದ ತಲೆ ಹಗುರಾಗುತ್ತದೆ. ‘ಉಸಿರು ಸಿಕ್ಕುವುದಿಲ್ಲ’ ಎಂದು ಅವನು ಒದ್ದಾಡುವಾಗ ಬೆರಳಿಗೆ ಆಕ್ಸಿಮೀಟರ್ ಹಾಕಿದ್ದರೆ ಆಮ್ಲಜನಕ ನೂರರ ಹತ್ತಿರ ತೋರಿಸುತ್ತಿತ್ತು. ಅವನಿಗೆ ಆದದ್ದು ಉಸಿರಿನ ಕೊರತೆಯಲ್ಲ, ಅತಿರೇಕ.

ನಮ್ಮ ಕಡೆಯ ತೋಟಗಳಲ್ಲಿ ಹಂದಿ ಓಡಿಸಲು ಗರ್ನಾಲು ಸಿಡಿಸುತ್ತಾರಲ್ಲ, ಹಾಗೆ ಇದು. ಸದ್ದು ನಿಜ, ಹೊಗೆಯೂ ನಿಜ. ಹಂದಿ ಮಾತ್ರ ಇರಲಿಲ್ಲ.

ಒಂದು ಸಲ ಹೀಗಾಗುವುದು ರೋಗವಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಇಂಥ ಅನುಭವ ಆದವರು ಬೇಕಾದಷ್ಟು ಜನ ಇದ್ದಾರೆ, ಬಹುಪಾಲು ಮಂದಿ ಮರೆತೂ ಬಿಡುತ್ತಾರೆ. ಮರೆಯದವರಲ್ಲಿ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಬಿಡಿಸಿಟ್ಟರು. ದೇಹದ ಸಣ್ಣ ಸೂಚನೆಯೊಂದನ್ನು ಮನಸ್ಸು ‘ಇದು ಹಾರ್ಟ್ ಅಟ್ಯಾಕ್’ ಎಂದು ಓದುತ್ತದೆ. ಓದಿದ್ದಕ್ಕೆ ಭಯ, ಭಯಕ್ಕೆ ಮತ್ತಷ್ಟು ಅಡ್ರಿನಲಿನ್, ಅದಕ್ಕೆ ಇನ್ನಷ್ಟು ಬಡಿತ, ಬಡಿತವೇ ಮುಂದಿನ ಸಾಕ್ಷಿ. ಮೆಟ್ಟಿಲು ಹತ್ತಿದಾಗಿನ ಏದುಸಿರೂ ಆಮೇಲೆ ಅನುಮಾನಕ್ಕೆ ಒಳಗಾಗುತ್ತದೆ. ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರಂತೂ ಮುಗಿಯಿತು. ನಿಮಿಷಕ್ಕೊಮ್ಮೆ ನಾಡಿ ನೋಡುವವನ ನಾಡಿ ನೋಡಿದ್ದಕ್ಕೇ ಏರುತ್ತದೆ.

ಆದರೆ ಹುಡುಗನ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಭಯಕ್ಕಿಂತ ಅವನು ಬಸ್ಸು ಇಳಿದದ್ದು. ಇಳಿದ ತಕ್ಷಣ ಹಾಯೆನಿಸಿತು. ಓ. ಎಚ್. ಮೌರರ್ ಎಂಬ ವಿಜ್ಞಾನಿ 1947ರಲ್ಲೇ ಹೇಳಿದ್ದು ಇದನ್ನೇ: ಭಯವನ್ನು ಕಲಿಯುವುದು ಒಂದು ಬಗೆ, ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ಬಗೆ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿಯೇ ತಪ್ಪಿಸಿಕೊಳ್ಳುವುದಕ್ಕೆ ಬಹುಮಾನ. ಬಸ್ಸಿನಲ್ಲೇ ಕೂತಿದ್ದರೂ ಹತ್ತು ಹದಿನೈದು ನಿಮಿಷದಲ್ಲಿ ಭಯ ಇಳಿಯುತ್ತಿತ್ತು ಎಂಬುದು ಅವನ ಮಿದುಳಿಗೆ ಗೊತ್ತಾಗಲೇ ಇಲ್ಲ. ಅದಕ್ಕೆ ತಿಳಿದದ್ದು ‘ಇಳಿದೆ, ಬದುಕಿದೆ’ ಎಂಬಷ್ಟೇ. ಮುಂದಿನ ವಾರ ಅವನು ಬಾಗಿಲ ಬಳಿಯ ಸೀಟೇ ಬೇಕೆನ್ನುತ್ತಾನೆ. ಅದರ ಮುಂದಿನ ವಾರ ಅಪ್ಪ ಬೈಕಿನಲ್ಲಿ ಬಿಟ್ಟು ಬರುತ್ತಾರೆ. ತಿಂಗಳು ಕಳೆದ ಮೇಲೆ, ‘ಅಮ್ಮ, ನಂಗೆ ಅಲ್ಲಿ ಆಗುದಿಲ್ಲ.’

ಆತಂಕಕ್ಕೆ ಬೇರೊಂದು ಮುಖವೂ ಇದೆ, ಗದ್ದಲವಿಲ್ಲದ ಮುಖ. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ದಿನವೂ ಮಂಗಳೂರಿನ ಕೆಲಸಕ್ಕೆ ಹೋಗಿಬರುವ ಯುವತಿಗೆ ಎದೆ ಹಾರುವುದಿಲ್ಲ, ಬೆವರುವುದಿಲ್ಲ. ತಲೆಯೊಳಗೆ ಮಾತ್ರ ‘ಹಾಗಾದರೆ? ಹೀಗಾದರೆ?’ ನಿಲ್ಲುವುದಿಲ್ಲ. ಗಲ್ಫಿನಲ್ಲಿರುವ ಅಣ್ಣನ ಕೆಲಸ ಹೋದರೆ? ಸೊಸೈಟಿಯ ಸಾಲದ ಕಂತು ತಪ್ಪಿದರೆ? ನೋಡಲು ಬಂದವರು ಬೇಡವೆಂದರೆ? ಕುತ್ತಿಗೆ ನೋವು, ರಾತ್ರಿ ಎರಡಕ್ಕೆ ಎಚ್ಚರ, ಸಣ್ಣ ಮಾತಿಗೆ ಸಿಡುಕು. ‘ಮಂಡೆಬಿಸಿ ಮಾಡ್ಬೇಡ ಮಾರಾಯ್ತಿ’ ಎಂದು ಮನೆಯವರು ಹೇಳುತ್ತಾರೆ. ಅದು ಅವಳ ಕೈಯಲ್ಲಿದ್ದಿದ್ದರೆ ಅವಳು ಯಾವಾಗಲೋ ಬಿಡುತ್ತಿದ್ದಳು. ಎರಡು ವಾರಗಳ ಅನುಭವವನ್ನು ಏಳು ಪ್ರಶ್ನೆಗಳಲ್ಲಿ ಕೇಳುವ ಜಿಎಡಿ-7 ಎಂಬ ಚಿಕ್ಕ ಪಟ್ಟಿ 2006ರಿಂದ ಬಳಕೆಯಲ್ಲಿದೆ. ಒಟ್ಟು 21 ಅಂಕ. ಹತ್ತು ಅಥವಾ ಹೆಚ್ಚು ಬಂದರೆ ಯಾರಾದರೂ ತಿಳಿದವರು ಕೂತು ವಿಚಾರಿಸಬೇಕು. ಅಂಕವೇ ರೋಗನಿರ್ಣಯವಲ್ಲ.

ಹಾಗಾದರೆ ಇದು ಹೆಚ್ಚುತ್ತಿರುವುದು ನಿಜವೇ, ಅಥವಾ ನಾವು ಹೆಚ್ಚು ಮಾತಾಡುತ್ತಿದ್ದೇವೆಯೇ? ಎರಡೂ ಎನ್ನಬೇಕು. 2019ರಲ್ಲಿ ಜಗತ್ತಿನಾದ್ಯಂತ 30 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೋವಿಡ್‌ನ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಏರಿದವು, ಹೆಚ್ಚು ಪೆಟ್ಟು ತಿಂದವರು ಯುವಜನರು ಮತ್ತು ಹೆಣ್ಣುಮಕ್ಕಳು. ಮಾನಸಿಕ ಕಾಯಿಲೆಗಳು ಮೊದಲು ತಲೆಯೆತ್ತುವ ವಯಸ್ಸನ್ನು ಹಲವಾರು ದೇಶಗಳ ಅಧ್ಯಯನಗಳಿಂದ ಒಟ್ಟು ಮಾಡಿದ 2021ರ ವರದಿಯ ಪ್ರಕಾರ ಶೇ. 62ಕ್ಕೂ ಹೆಚ್ಚು ಪ್ರಕರಣಗಳು 25 ತುಂಬುವ ಮೊದಲೇ ಶುರುವಾಗಿರುತ್ತವೆ. ನಮ್ಮ ದೇಶದ ಚಿತ್ರ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೇ ಹೋಗಬೇಕು. ಆ ಹನ್ನೆರಡರಲ್ಲಿ ಕೇರಳ, ತಮಿಳುನಾಡು ಇದ್ದವು, ಕರ್ನಾಟಕ ಇರಲಿಲ್ಲ. ಹಾಗಾಗಿ ಬಂಟ್ವಾಳದಲ್ಲಿ ಇಷ್ಟು, ಬೆಳ್ತಂಗಡಿಯಲ್ಲಿ ಇಷ್ಟು ಎಂದು ಯಾರಾದರೂ ಶೇಕಡಾವಾರು ಹೇಳಿದರೆ ಅನುಮಾನಿಸುವುದು ಒಳ್ಳೆಯದು.

ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳಲ್ಲಿ ಭಯ ಬೆಳೆಯಲು ಏನೇನು ಸಾಮಗ್ರಿ ಇದೆ ಎಂದು ನೋಡಲು ಶೇಕಡಾವಾರು ಬೇಡ. ಮೂಡುಬಿದಿರೆಗೆ ಹಿಂದೆ ಯಾತ್ರಿಕರು ಬರುತ್ತಿದ್ದದ್ದು ಸಾವಿರ ಕಂಬದ ಬಸದಿಗಾಗಿ. ಈಗ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಸೂಟ್‌ಕೇಸು ಹಿಡಿದು ಬರುವುದು ಪಿಯುಸಿಗೆ, ಸಿಇಟಿಗೆ, ನೀಟ್‌ಗೆ. ಉಜಿರೆಯದೂ ಇದೇ ಕಥೆ. 2024ರ ದ್ವಿತೀಯ ಪಿಯುಸಿಯಲ್ಲಿ ಶೇ. 97.37 ಫಲಿತಾಂಶ ತೆಗೆದು ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು ಬಂತು. ಎಲ್ಲರೂ ಪಾಸಾಗುವ ಊರಿನಲ್ಲಿ ಪಾಸಾಗುವುದಕ್ಕೆ ಬೆಲೆಯಿಲ್ಲ. ಅದೇ ವರ್ಷ ನೀಟ್‌ಗೆ ಹೆಸರು ಕೊಟ್ಟವರು ಸುಮಾರು 24 ಲಕ್ಷ, ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು ಒಂದು ಲಕ್ಷದ ಆಸುಪಾಸು. ಉಳಿದ ಇಪ್ಪತ್ತಮೂರು ಲಕ್ಷ ಮಕ್ಕಳಲ್ಲಿ ದಡ್ಡರು ಎಷ್ಟು ಮಂದಿ ಇದ್ದಾರು? ಲೆಕ್ಕದ ಆಟವನ್ನು ಸ್ವಂತದ ಸೋಲೆಂದು ಓದಿಕೊಳ್ಳುವ ವಯಸ್ಸದು. ಓದು ದಾಟಿ ಕೆಲಸ ಅರಸುವವರ ಪಾಡು ಪತ್ರಿಕೆಗಳಲ್ಲಿ ಬರುವುದಿಲ್ಲ. ಬೀಡಿ ಕಟ್ಟಿ ಮಗಳನ್ನು ಓದಿಸಿದ ತಾಯಿ, ಓದು ಮುಗಿಸಿ ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸ ಹುಡುಕುವ ಮಗಳು, ಇಬ್ಬರ ಆತಂಕವೂ ಒಂದೇ ಫೋನ್ ಕರೆಯಲ್ಲಿ ಹರಿದಾಡುತ್ತದೆ.

ಹೀಗೆ ಭಯಗೊಂಡವರು ಎಲ್ಲಿಗೆ ಹೋಗುತ್ತಾರೆ? ಇದಕ್ಕೆ ನಮ್ಮ ಕರಾವಳಿಯಲ್ಲೇ ಹಳೆಯ, ಸೊಗಸಾದ ಅಧ್ಯಯನವೊಂದಿದೆ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಕೋಟ ಗ್ರಾಮದಲ್ಲಿ ಮನೆಮನೆಗೆ ಹೋಗಿ ಬ್ರಾಹ್ಮಣರು, ಬಂಟರು, ಮೊಗವೀರರ ಮನಸ್ಸಿನ ತೊಂದರೆಗಳನ್ನು ವಿಚಾರಿಸಿದರು. ಅವರ ಪುಸ್ತಕ ಬಂದದ್ದು 1976ರಲ್ಲಿ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ, ಅಂದರೆ ಮನೋವೈದ್ಯದ ಕನ್ನಡ ಪುಸ್ತಕವೊಂದಕ್ಕೆ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಅದೇ ವರ್ಷ. ಕೋಟದಲ್ಲಿ ಜನ ನೆಚ್ಚಿಕೊಂಡಿದ್ದದ್ದು ನಾಟಿ ವೈದ್ಯರನ್ನು, ಮಂತ್ರವಾದಿಗಳನ್ನು, ಮೈಮೇಲೆ ಬರುವ ಪಾತ್ರಿಗಳನ್ನು. ಇಂಗ್ಲಿಷ್ ಮದ್ದಿನ ಡಾಕ್ಟರರನ್ನೂ. ಕಪೂರರಿಗೆ ಕಂಡ ಸಂಗತಿಯೆಂದರೆ ಜನ ಇವರಲ್ಲಿ ಒಬ್ಬರನ್ನು ಆರಿಸಿ ಉಳಿದವರನ್ನು ಬಿಡುತ್ತಿರಲಿಲ್ಲ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೋಗಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಐವತ್ತು ವರ್ಷ ಕಳೆದರೂ ನಮ್ಮ ಮನೆಗಳು ಇದರಿಂದ ಬಹಳ ದೂರ ಬಂದಿಲ್ಲ. ಪ್ರಶ್ನೆ ಇಡಿಸುತ್ತಾರೆ, ನೂಲು ಕಟ್ಟಿಸುತ್ತಾರೆ, ದೈವದ ಎದುರು ನಿಂತು ಕೇಳುತ್ತಾರೆ, ದರ್ಗಾಕ್ಕೆ, ಇಗರ್ಜಿಗೆ ಹರಕೆ ಹೊರುತ್ತಾರೆ. ಇದನ್ನು ನೋಡಿ ನಗುವ ವಿಜ್ಞಾನ ಬರಹ ನನಗೆ ಇಷ್ಟವಿಲ್ಲ. ‘ನಾನಿದ್ದೇನೆ, ಕೈ ಬಿಡುವುದಿಲ್ಲ’ ಎಂದು ದೈವ ಅಭಯ ಕೊಟ್ಟಾಗ ಎಷ್ಟೋ ಮಂದಿ ಆ ರಾತ್ರಿ ನಿದ್ದೆ ಮಾಡುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ನೂಲು ಕೈಯಲ್ಲಿದ್ದರೆ ಮಾತ್ರ ಬಸ್ಸು ಹತ್ತುವೆನೆಂದು ಆದಾಗ ನೂಲೂ ಬಾಗಿಲ ಬಳಿಯ ಸೀಟಿನಂತೆಯೇ ಆಯಿತು. ಐದನೆಯ ಇಸಿಜಿಯೂ ಹಾಗೆಯೇ, ಜೇಬಿನಲ್ಲಿಟ್ಟುಕೊಂಡ ಗ್ಯಾಸ್ಟ್ರಿಕ್ ಮಾತ್ರೆಯೂ ಹಾಗೆಯೇ. ಮೊದಲನೆಯ ಇಸಿಜಿ ಬೇಕು. ಥೈರಾಯ್ಡ್, ರಕ್ತಹೀನತೆ ನೋಡಿಸುವುದೂ ಸರಿ. ಅವೂ ಎದೆ ಹಾರಿಸುತ್ತವೆ. ಒಮ್ಮೆ ಸರಿಯಾಗಿ ನೋಡಿ ಇಲ್ಲವೆಂದ ಮೇಲೆ ಮಾಡಿಸುವ ಪರೀಕ್ಷೆಗಳು ಭಯಕ್ಕೆ ಹಾಕುವ ಮೇವು.

ಆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆತಂಕ, ಖಿನ್ನತೆಯಂಥ ಸಾಮಾನ್ಯ ಕಾಯಿಲೆ ಇದ್ದ ನೂರರಲ್ಲಿ 85 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಹಿಂದುಳಿದ ಜಿಲ್ಲೆಯಾದರೆ ದೂರ, ವೈದ್ಯರ ಕೊರತೆ ಎನ್ನಬಹುದು. ನಮ್ಮಲ್ಲಿ? ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ ಇದೆ, ಸುತ್ತಮುತ್ತ ಸಾಲುಸಾಲು ಮೆಡಿಕಲ್ ಕಾಲೇಜುಗಳಿವೆ, ಅವುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬಿ.ಸಿ. ರೋಡಿನಿಂದ ಒಂದು ಗಂಟೆಯ ದಾರಿಯೂ ಅಲ್ಲ. ಆ ಒಂದು ಗಂಟೆಯ ದಾರಿ ಕ್ರಮಿಸಲು ವರ್ಷಗಳು ಹಿಡಿಯುವುದು, ನನ್ನ ಮಟ್ಟಿಗೆ, ಎರಡು ಕಾರಣಕ್ಕೆ. ಇದು ಮನಸ್ಸಿನದು ಎಂದು ಯಾರಿಗೂ ಹೊಳೆದಿರುವುದಿಲ್ಲ. ಹೊಳೆದರೆ, ಸಂಬಂಧ ಕೂಡಿಸುವಾಗ ಯಾರಾದರೂ ಆಡಿಕೊಂಡಾರೆಂಬ ಅಂಜಿಕೆ.

ಈ ಅಂಜಿಕೆಯನ್ನು ಸುತ್ತುಹಾಕಿ ಹೋಗಲು ಕೆಲವು ದಾರಿಗಳು ಆಗಿವೆ. ಮನೋವೈದ್ಯವನ್ನು ದೊಡ್ಡ ಆಸ್ಪತ್ರೆಯಿಂದ ಹೊರತಂದು ಸಾಮಾನ್ಯ ವೈದ್ಯರ ಕೈಗೂ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಇಂದು ದೇಶವೆಲ್ಲ ನಡೆಯುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕರ್ನಾಟಕ 2014ರಲ್ಲಿ ‘ಮನೋಚೈತನ್ಯ’ವನ್ನು ಶುರುಮಾಡಿತು: ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬಂದು ಕೂರುವ ಏರ್ಪಾಡು. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ತಾಲೂಕು ಆಸ್ಪತ್ರೆ ಇದೆ, ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ. ಹೊರಡುವ ಮೊದಲು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಮೇಲು. ಈ ಏರ್ಪಾಡಿನ ಜಾಣತನ ನನಗೆ ಹಿಡಿಸುವುದು ಇದಕ್ಕೆ: ಜ್ವರದವರು, ಬಾಣಂತಿಯರು, ಹಲ್ಲುನೋವಿನವರು ಕೂತ ಬೆಂಚಿನಲ್ಲೇ ನಮ್ಮ ಹುಡುಗನೂ ಕೂರುತ್ತಾನೆ. ‘ಎಂತ, ಇಲ್ಲಿ?’ ಎಂದು ಊರಿನವರು ಕೇಳಿದರೆ ‘ಶೀತ’ ಎಂದರಾಯಿತು.

ಅದೂ ಆಗದವರಿಗೆ 14416. ಟೆಲಿಮಾನಸ್ ಎಂಬ ಈ ಸರಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ದಿನದ ಇಪ್ಪತ್ತನಾಲ್ಕು ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆಪ್ತಸಮಾಲೋಚಕರು ಮೊದಲು ಕೇಳಿಸಿಕೊಳ್ಳುತ್ತಾರೆ, ಬೇಕಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಬದುಕೇ ಬೇಡ ಎನ್ನುವ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬಾರದು. ಆ ಹೊತ್ತಿಗೇ ಈ ಸಂಖ್ಯೆಗೆ ಕರೆಮಾಡಬೇಕು, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಒಬ್ಬರೇ ಇರಬಾರದು. ಇನ್ನು ಗುಟ್ಟಿನ ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ವಿವರಗಳನ್ನು ಗೌಪ್ಯವಾಗಿಡುವುದನ್ನು ಹಕ್ಕೆಂದೇ ಹೇಳುತ್ತದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಕಾಲೇಜಿಗೆ ಮಕ್ಕಳನ್ನು ಸೇರಿಸುವಾಗ ಫೀಸು, ಊಟ, ಫಲಿತಾಂಶ ವಿಚಾರಿಸುವ ಅಪ್ಪಂದಿರು ಇದನ್ನೂ ಒಂದು ಮಾತು ಕೇಳಬೇಕು. ಹಾಜರಾತಿ ಕಡಿಮೆಯಾದವರನ್ನು ಗದರಿಸುವ ಕೆಲಸವನ್ನೇ ಆ ಸಮಾಲೋಚಕರಿಗೆ ಒಪ್ಪಿಸಿದ್ದರೆ ಯಾವ ಹುಡುಗನೂ ಅವರ ಬಾಗಿಲು ತಟ್ಟುವುದಿಲ್ಲ.

ಬಾಗಿಲು ತಟ್ಟಿದ ಮೇಲೆ ಒಳಗೆ ಏನಾಗುತ್ತದೆ? ಮಾತ್ರೆ ಕೊಟ್ಟು ಮಲಗಿಸುತ್ತಾರೆ ಎಂಬುದು ನಮ್ಮ ಊರುಗಳ ದೊಡ್ಡ ತಪ್ಪು ಕಲ್ಪನೆ. ಆತಂಕಕ್ಕೆಂದು ಇರುವ, ಸಂಶೋಧನೆಯ ಬೆಂಬಲ ಹೆಚ್ಚು ಸಿಕ್ಕಿರುವ ಮಾತಿನ ಚಿಕಿತ್ಸೆಯನ್ನು ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎನ್ನುತ್ತಾರೆ, ಚಿಕ್ಕದಾಗಿ ಸಿಬಿಟಿ. ಅದರ ಬೆನ್ನೆಲುಬು ಭಯದ ಕಡೆಗೆ ಅಳತೆಯಿಟ್ಟು ನಡೆಯುವುದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲ ಕಂಡರೆ ಕಿರುಚುವ ಪೀಟರ್ ಎಂಬ ಪುಟ್ಟ ಹುಡುಗನಿಗೆ ತಿಂಡಿ ಕೊಡುತ್ತ, ಮೊಲವನ್ನು ದಿನದಿಂದ ದಿನಕ್ಕೆ ಹತ್ತಿರ ತಂದು, ಕೊನೆಗೆ ಅವನೇ ಅದನ್ನು ಮುಟ್ಟುವಂತೆ ಮಾಡಿದ್ದಳು. ತತ್ತ್ವ ಇಂದಿಗೂ ಅದೇ. ನಮ್ಮ ಹುಡುಗನಿಗೆ ಮೊದಲ ಕೆಲಸ, ಬೆಳ್ತಂಗಡಿ ನಿಲ್ದಾಣದಲ್ಲಿ ನಿಂತ ಬಸ್ಸಿನೊಳಗೆ ಸುಮ್ಮನೆ ಕೂತು ಬರುವುದು. ಆಮೇಲೆ ಗುರುವಾಯನಕೆರೆಯವರೆಗೆ. ಆಮೇಲೆ ವೇಣೂರು, ಬಾಗಿಲ ಸೀಟು ಬಿಟ್ಟು ನಡುವಿನ ಸೀಟಿನಲ್ಲಿ. ಸಮಾಲೋಚಕರ ಕೊಠಡಿಯಲ್ಲೇ ಬೇಕೆಂದು ಜೋರಾಗಿ ಉಸಿರಾಡಿ, ಆ ಜುಮುಜುಮುವನ್ನು ತಾನೇ ತರಿಸಿಕೊಂಡು ನೋಡುವ ಅಭ್ಯಾಸವೂ ಇದೆ. ಸಾವಿನ ಲಕ್ಷಣವೆಂದು ನಂಬಿದ್ದು ಒಂದು ನಿಮಿಷದ ಉಸಿರಾಟದಿಂದ ಬರುತ್ತದೆಂದು ಕಣ್ಣಾರೆ ಕಂಡವನಿಗೆ ನೂರು ಸಮಾಧಾನದ ಮಾತಿಗಿಂತ ಅದು ಹೆಚ್ಚು. ಹಳೆಯ ಭಯ ಅಳಿಸಿಹೋಗುತ್ತದೆಂದು ಈಗಿನ ಸಂಶೋಧಕರು ಹೇಳುವುದಿಲ್ಲ. ಅದರ ಜೊತೆಗೆ ಹೊಸ ನೆನಪೊಂದು ಕೂರುತ್ತದೆ, ಬಳಸಿದಷ್ಟೂ ಅದರ ಕೈ ಮೇಲಾಗುತ್ತದೆ. ಪರೀಕ್ಷೆಯ ಹೊತ್ತಿಗೆ ಹಳೆಯದು ಮತ್ತೆ ಇಣುಕಿದರೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ.

ಮಾತ್ರೆ ಬೇಕಾಗುವವರೂ ಇದ್ದಾರೆ. ಸಾಮಾನ್ಯವಾಗಿ ಕೊಡುವ ಎಸ್ಸಿಟಲೋಪ್ರಾಮ್, ಸೆರ್ಟ್ರಲಿನ್‌ನಂಥವು ಕೆಲಸ ತೋರಿಸಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ತಳಮಳ ಸ್ವಲ್ಪ ಹೆಚ್ಚಲೂಬಹುದು. ಇದನ್ನು ಮೊದಲೇ ಹೇಳದಿದ್ದರೆ ಎಷ್ಟೋ ಜನ ನಾಲ್ಕನೇ ದಿನಕ್ಕೆ ಬಿಟ್ಟುಬಿಟ್ಟಾರು. ಶುರುಮಾಡುವುದು, ನಿಲ್ಲಿಸುವುದು ಎರಡೂ ವೈದ್ಯರನ್ನು ಕೇಳಿಯೇ. ಇದಕ್ಕೆ ತದ್ವಿರುದ್ಧ ಆಲ್ಪ್ರಜೋಲಾಮ್. ಅರ್ಧ ಗಂಟೆಯಲ್ಲಿ ಹಾಯೆನಿಸುತ್ತದೆ, ಅದೇ ಅದರ ಅಪಾಯ: ಬೇಗ ಅಭ್ಯಾಸವಾಗುತ್ತದೆ. ಯಾರಿಗೋ ಬರೆದ ಹಳೆಯ ಚೀಟಿ ತೋರಿಸಿ, ಗೊತ್ತಿದ್ದ ಮೆಡಿಕಲ್ ಅಂಗಡಿಯಲ್ಲಿ ಅದನ್ನು ಪಡೆಯುವುದು ಕಾನೂನಿಗೂ ತಪ್ಪು, ಮಿದುಳಿಗೂ ತಪ್ಪು ಪಾಠ.

ಎಲ್ಲದಕ್ಕೂ ಮನೋವೈದ್ಯರೇ ಬೇಕೆಂದೂ ಇಲ್ಲ. ನಮ್ಮದೇ ಪಶ್ಚಿಮ ಕರಾವಳಿಯ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸ್ಥಳೀಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸರಕಾರಿ ಕೇಂದ್ರಗಳ ರೋಗಿಗಳಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡವರು ಶೇ. 66, ಮಾಮೂಲಿ ಆರೈಕೆ ಸಿಕ್ಕ ಕಡೆ ಶೇ. 42ರಷ್ಟು. ಬೆಳ್ತಂಗಡಿಯ ಆಶಾ ಕಾರ್ಯಕರ್ತೆಗೆ, ಉಜಿರೆಯ ಹಾಸ್ಟೆಲ್ ವಾರ್ಡನ್‌ಗೆ ಇಷ್ಟು ಕಲಿಸುವುದು ಅಸಾಧ್ಯವೆಂದು ನನಗನಿಸುವುದಿಲ್ಲ.

ಕಲಿಸಬೇಕಾದ ಇನ್ನೊಂದು ಗುಂಪು ಮನೆಯವರು. ಮಗನಿಗೆ ಭಯವೆಂದು ಬೈಕಿನಲ್ಲಿ ಬಿಡುವ ಅಪ್ಪ, ಗಂಟೆಗೊಮ್ಮೆ ‘ಊಟ ಆಯ್ತಾ ಮಗಾ, ಎದೆ ಹೇಗುಂಟು?’ ಎಂದು ವಿಚಾರಿಸುವ ಅಮ್ಮ, ಕಾಲೇಜಿಗೆ ಮೆಡಿಕಲ್ ಸರ್ಟಿಫಿಕೇಟು ತೆಗೆಸಿಕೊಡುವ ಮಾವ, ಎಲ್ಲರದೂ ಪ್ರೀತಿಯೇ. ಎಲ್ಲರೂ ಸೇರಿ ಅವನು ಬಸ್ಸು ಹತ್ತದಂತೆ ನೋಡಿಕೊಳ್ಳುತ್ತಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಸ್ 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಆತಂಕವಿದ್ದ 7ರಿಂದ 14 ವರ್ಷದ 124 ಮಕ್ಕಳಲ್ಲಿ ಒಂದು ಗುಂಪಿಗೆ ಸಿಬಿಟಿ ಕೊಟ್ಟರು. ಇನ್ನೊಂದು ಗುಂಪಿನ ಮಕ್ಕಳನ್ನು ಮುಟ್ಟಲೇ ಇಲ್ಲ; ಅವರ ತಂದೆತಾಯಿಗೆ ಮಾತ್ರ, ಭಯಕ್ಕೆ ಹೊಂದಿಕೊಂಡು ಹೋಗುವುದನ್ನು ಹೇಗೆ ಕಡಿಮೆ ಮಾಡಬೇಕೆಂದು ಕಲಿಸಿದರು. ಎರಡನೆಯ ಗುಂಪಿನ ಮಕ್ಕಳೂ ಮೊದಲನೆಯವರಷ್ಟೇ ಸುಧಾರಿಸಿದರು. ಇಪ್ಪತ್ತರವರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು, ಆದರೆ ನಮ್ಮ ಮನೆಗಳಲ್ಲಿ ಇಪ್ಪತ್ತರವರೂ ಅಮ್ಮನಿಗೆ ಹದಿನಾಲ್ಕರವರೇ.

ಅಲ್ಲಿ ಪಾಲಕರಿಗೆ ಕಲಿಸಿದ ಮಾತಿನಲ್ಲಿ ಎರಡು ಭಾಗವಿತ್ತು, ಒಂದನ್ನು ಬಿಟ್ಟು ಒಂದನ್ನು ಹೇಳಬಾರದು. ‘ನಿಂಗೆ ಕಷ್ಟ ಆಗ್ತದೆ ಅಂತ ನಂಗೆ ಗೊತ್ತುಂಟು’ ಎಂಬುದು ಮೊದಲನೆಯದು. ‘ಆದ್ರೂ ನಿಂಗೆ ತಡ್ಕೊಳ್ಳಿಕ್ಕೆ ಆಗ್ತದೆ’ ಎಂಬುದು ಎರಡನೆಯದು. ‘ಎಂತ ಇಲ್ಲ ನಿಂಗೆ, ಸುಮ್ನೆ ನಾಟಕ’ ಎನ್ನುವ ಮನೆಯಲ್ಲಿ ಮೊದಲನೆಯದು ಇಲ್ಲ. ‘ಬೇಡ ಬಿಡು, ಮನೆಯಲ್ಲೇ ಇರು’ ಎನ್ನುವ ಮನೆಯಲ್ಲಿ ಎರಡನೆಯದು ಇಲ್ಲ. ಮಾತಿನ ಬೆನ್ನಿಗೆ ಸಣ್ಣ ಬದಲಾವಣೆಗಳು ಬರಬೇಕು, ಅವನಿಗೆ ಮೊದಲೇ ತಿಳಿಸಿ: ಈ ವಾರದಿಂದ ಫೋನು ದಿನಕ್ಕೆ ಎರಡು ಸಲ, ಎದೆಯ ವಿಚಾರ ನಾವಾಗಿ ಕೇಳುವುದಿಲ್ಲ, ಬೈಕು ಗುರುವಾಯನಕೆರೆಯವರೆಗೆ ಮಾತ್ರ, ಅಲ್ಲಿಂದ ಬಸ್ಸು. ಮೊದಲ ಕೆಲವು ಭಾನುವಾರ ಅವನು ಸಿಟ್ಟಾಗುತ್ತಾನೆ, ಅಮ್ಮನ ಕಣ್ಣಲ್ಲಿ ನೀರು ಬರುತ್ತದೆ. ಸಮಾಲೋಚಕರು ಇದನ್ನೂ ಮೊದಲೇ ಹೇಳಿರುತ್ತಾರೆ.